ಪಥ್ಯ ಹೇಳುವವಳ ಅಕ್ಕ

ಆಸ್ಪತ್ರೆಯಲ್ಲಿ ನನ್ನನ್ನು ಎಲ್ಲರೂ ಊಟದ ಮೇಡಂ ಎಂದೇ ಕರೆಯುತ್ತಾರೆ. ಕೋಟಿನ ಜೇಬಿನ ಮೇಲೆ ಡಯಟಿಶಿಯನ್ ಎಂದು ಹೊಲಿದಿದೆ. ಅದನ್ನು ಓದಿ ಕರೆದವರು ಕಡಿಮೆ. ವಾರ್ಡಿಗೆ ಕಾಲಿಟ್ಟ ಕೂಡಲೇ ರೋಗಿಯ ಕಡೆಯವರು ತಟ್ಟೆ ಹಿಡಿದುಕೊಂಡು ಎದುರಿಗೆ ಬರುತ್ತಾರೆ. ಸಾರಿಗೆ ಉಪ್ಪೇ ಇಲ್ಲ ಮೇಡಂ, ಅಡುಗೆಯವರಿಗೆ ಸ್ವಲ್ಪ ಹೇಳಿ ಎನ್ನುತ್ತಾರೆ. ಉಪ್ಪು ಹಾಕಬೇಡಿ ಎಂದು ಅಡುಗೆಯವರಿಗೆ ಹೇಳಿದವಳು ನಾನೇ ಎಂದಾಗ ಅವರ ಮುಖ ಬದಲಾಗುತ್ತದೆ. ಅಲ್ಲಿಯವರೆಗೆ ನಾನು ಅಡುಗೆಮನೆಯ ಮೇಲ್ವಿಚಾರಕಿ. ಆಮೇಲೆ ಬಾಯಿಯ ರುಚಿ ಕಿತ್ತುಕೊಳ್ಳಲು ಬಂದವಳು.

ನನ್ನ ಕೆಲಸ ಏನೆಂದು ನಮ್ಮ ಮನೆಯವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪ್ರಜ್ಞೆಯಿಲ್ಲದೆ ಮಲಗಿದವರಿಗೆ ಮೂಗಿನ ನಳಿಗೆಯಲ್ಲಿ ಏನು ಹೋಗಬೇಕು, ಎಷ್ಟು ಹೋಗಬೇಕು ಎಂದು ತೀರ್ಮಾನಿಸುವುದು ನನ್ನ ಕೆಲಸ. ಮೈ ಸುಟ್ಟುಕೊಂಡು ಬಂದವರಿಗೆ ಮತ್ತೆ ಚರ್ಮ ಬರಬೇಕಾದರೆ ಹೊಟ್ಟೆಗೆ ಏನು ಸೇರಬೇಕು ಎಂದು ನೋಡುವುದೂ, ಬಸುರಿನಲ್ಲಿ ಶುಗರ್ ಬಂದು ಹೆದರಿದ ಹುಡುಗಿಯರನ್ನು ಕೂರಿಸಿಕೊಂಡು ಮುದ್ದೆಯ ಗಾತ್ರ ಕೈಯಲ್ಲಿ ತೋರಿಸುವುದೂ ನನ್ನದೇ. ನನ್ನ ಜೊತೆ ಓದಿದವಳೊಬ್ಬಳು ಕ್ರೀಡಾ ಹಾಸ್ಟೆಲಿನಲ್ಲಿ ಓಟದ ಹುಡುಗಿಯರ ತಟ್ಟೆ ನೋಡಿಕೊಳ್ಳುತ್ತಾಳೆ. ಇನ್ನೊಬ್ಬಳು ಅಂಗನವಾಡಿಗಳನ್ನು ಸುತ್ತಿ ತೂಕ ಏರದ ಮಕ್ಕಳನ್ನು ಹುಡುಕುತ್ತಾಳೆ. ಮತ್ತೊಬ್ಬಳು ಬಿಸ್ಕತ್ತಿನ ಕಾರ್ಖಾನೆ ಸೇರಿದಳು, ನಮ್ಮೆಲ್ಲರಿಗಿಂತ ನೆಮ್ಮದಿಯಾಗಿದ್ದಾಳೆ. ಇದನ್ನೆಲ್ಲ ನಮ್ಮವ್ವನಿಗೆ ವಿವರಿಸಿದರೆ ಆಕೆ ಕೊನೆಯಲ್ಲಿ ಕೇಳುತ್ತಿದ್ದದ್ದು ಒಂದೇ. "ಅಂಗಾದ್ರೆ ನೀನು ಅಡಿಗೆ ಮಾಡಲ್ವಾ ಅಲ್ಲಿ?"

ನಮ್ಮೂರು ಇಲವಾಲ ದಾಟಿ ಒಳಕ್ಕೆ ಹೋಗಬೇಕು. ಅಪ್ಪ ರಾಗಿ, ಹುರುಳಿ ಬೆಳೆಯುತ್ತಿದ್ದವರು. ನಾನು ಈ ಓದಿಗೆ ಸೇರುತ್ತೇನೆ ಎಂದಾಗ, ಮನೆಯಲ್ಲಿ ಕಲಿಯುವುದನ್ನು ಕಾಲೇಜಿಗೆ ಹೋಗಿ ಕಲಿಯುವುದೇನು ಎಂದು ಎಲ್ಲರೂ ನಕ್ಕರು. ನಗದೇ ಇದ್ದವಳು ಅಕ್ಕ ಒಬ್ಬಳೇ. ಅವಳಿಗೆ ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಮದುವೆ ಮಾಡಿದ್ದರು. ಕಾಲೇಜಿದ್ದ ಪೇಟೆಯಲ್ಲೇ, ಕೆಸರೆಯಲ್ಲಿ, ಭಾವನದು ಕಿಟಕಿ ಗೇಟು ಮಾಡುವ ವೆಲ್ಡಿಂಗ್ ಅಂಗಡಿ. ಅಂಗಡಿಯ ಹಿಂದೆಯೇ ಮನೆ. "ಓದ್ಲಿ ಬುಡಿ, ನಮ್ಮನೇಲೇ ಇರ್ಲಿ" ಎಂದು ಅಪ್ಪನ ಹತ್ತಿರ ಹೇಳಿ ಅಕ್ಕ ನನ್ನ ಟ್ರಂಕನ್ನು ತಾನೇ ಎತ್ತಿಕೊಂಡಳು. ಓದು ಮುಗಿಯುವ ತನಕ ನಾನು ತಿಂದದ್ದು ಅವಳ ಕೈಯ ಅನ್ನ. ಬೆಳಿಗ್ಗೆ ಎದ್ದು ನನಗೆ ಡಬ್ಬಿ ಕಟ್ಟಿ, ಭಾವನಿಗೆ ಮುದ್ದೆ ಮಾಡಿಟ್ಟು, ಆಮೇಲೆ ಅವಳು ಮಗಳನ್ನು ಎಬ್ಬಿಸುತ್ತಿದ್ದಳು. ಪರೀಕ್ಷೆಯ ದಿನಗಳಲ್ಲಿ ಕೋಳಿ ಸಾರು ಮಾಡಿ, ಓದುವವಳು ತಿನ್ನಬೇಕು ಎಂದು ಒಳ್ಳೆಯ ತುಂಡುಗಳನ್ನೆಲ್ಲ ನನ್ನ ತಟ್ಟೆಗೇ ಹಾಕುತ್ತಿದ್ದಳು. ಅವಳ ತಟ್ಟೆಯಲ್ಲಿ ಏನಿರುತ್ತಿತ್ತು ಎಂದು ಯಾರೂ ನೋಡುತ್ತಿರಲಿಲ್ಲ. ಅವಳು ಕೊನೆಗೆ ಒಲೆಯ ಮುಂದೆ ಕೂತು ತಿನ್ನುತ್ತಿದ್ದಳು.

ನನಗೆ ಕೆಲಸ ಸಿಕ್ಕಿತು, ಮದುವೆಯಾಯಿತು, ವಿಜಯನಗರದಲ್ಲಿ ಮನೆ ಮಾಡಿದೆವು. ಅಕ್ಕನಿಗೆ ನಲವತ್ತು ತುಂಬುವ ಮುಂಚೆಯೇ ಸಕ್ಕರೆ ಕಾಯಿಲೆ ಬಂತು, ಅದರ ಹಿಂದೆಯೇ ಬೀಪಿ. ನಮ್ಮ ಆಸ್ಪತ್ರೆಗೇ ಕರೆತಂದು ತೋರಿಸಿದೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಎಂದು ಒಂದು ಸಲದ ಪರೀಕ್ಷೆಯಲ್ಲಿ ಗೊತ್ತಾಯಿತು. ಕಿಡ್ನಿ ದಣಿಯಲು ಶುರುವಾಗಿದೆ ಎಂದು ಅದರ ಅರ್ಥ. ಮಾತ್ರೆ ತಪ್ಪಿಸದೆ ನುಂಗಿ, ಊಟದಲ್ಲಿ ಹಿಡಿತ ಇಟ್ಟುಕೊಂಡರೆ ಅದನ್ನು ಬಹಳ ವರ್ಷ ಹಾಗೆಯೇ ಇಟ್ಟುಕೊಳ್ಳಬಹುದು. ನಾನು ನೋಡಿಕೊಳ್ಳುವ ರೋಗಿಗಳಲ್ಲಿ ಹಾಗೆ ಇಟ್ಟುಕೊಂಡವರು ಎಷ್ಟೋ ಜನ ಇದ್ದಾರೆ. ಅಕ್ಕನನ್ನು ಎದುರಿಗೆ ಕೂರಿಸಿಕೊಂಡು, ಅವಳು ದಿನಾ ಮಾಡುವ ಅಡುಗೆಯನ್ನೇ ಹಿಡಿದು ಒಂದೊಂದಾಗಿ ಹೇಳಿದೆ. ಉಪ್ಪಿನಕಾಯಿ ಬಿಡು, ಹಪ್ಪಳ ಬಿಡು, ಮುದ್ದೆ ಚಿಕ್ಕದು ಮಾಡು, ಕಾಳು ಮಾಂಸ ಎರಡೂ ಒಂದೇ ದಿನ ಬೇಡ, ಪ್ರೋಟೀನು ಹೆಚ್ಚಾದರೆ ಕಿಡ್ನಿಗೆ ಭಾರ. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಎದ್ದು ಹೋಗುವಾಗ ನನ್ನ ಗಲ್ಲ ಹಿಂಡಿ ನಕ್ಕಳು.

"ನಿಂಗೆ ಅನ್ನ ಹಾಕ್ದೋಳು ನಾನು. ನಂಗೇ ಉಣ್ಣೋದು ಹೇಳ್ಕೊಡ್ತೀಯಲ್ಲೇ!"

ಆಗ ಆ ಮಾತು ತಮಾಷೆಯಾಗಿಯೇ ಕೇಳಿಸಿತ್ತು.

ಪುಡಿಯ ಕ್ಲಬ್ಬು ಅವರ ಮನೆಯ ಪಕ್ಕದ ಅಡ್ಡರಸ್ತೆಯಲ್ಲಿ ಶುರುವಾಯಿತು. ಮೊಬೈಲ್ ಅಂಗಡಿಯ ಮೇಲಿನ ಒಂದು ಹಾಲ್. ಬೆಳಿಗ್ಗೆ ಹೆಂಗಸರು ಸೇರಿ ಹಾಡು ಹಾಕಿಕೊಂಡು ಕುಣಿಯುತ್ತಾರೆ, ಆಮೇಲೆ ತಿಂಡಿಯ ಬದಲು ಡಬ್ಬಿಯ ಪುಡಿಯನ್ನು ನೀರಿಗೆ ಕಲಕಿ ಕುಡಿಯುತ್ತಾರೆ, ತೂಕ ಇಳಿದವರ ಹೆಸರು ಕೂಗಿ ಚಪ್ಪಾಳೆ ಹೊಡೆಯುತ್ತಾರೆ. ನಡೆಸುವ ಹೆಂಗಸನ್ನು ಎಲ್ಲರೂ ಕೋಚ್ ಮೇಡಂ ಎನ್ನುತ್ತಿದ್ದರು. ಮೊದಲು ಬ್ಯೂಟಿ ಪಾರ್ಲರಿನಲ್ಲಿದ್ದಾಕೆ. ಕಂಪನಿಯವರು ಕೊಟ್ಟ ಒಂದು ವಾರದ ತರಬೇತಿ ಆಕೆಯ ಓದು. ಒಳ್ಳೆಯ ಮಾತುಗಾರ್ತಿ. ಹೆಂಗಸರ ಮೊಣಕಾಲು ನೋವು, ಅತ್ತೆ ಕಾಟ, ಮಕ್ಕಳ ಮಾರ್ಕ್ಸು ಎಲ್ಲವನ್ನೂ ಕೇಳುತ್ತಿದ್ದಳು, ನೆನಪಿಟ್ಟುಕೊಳ್ಳುತ್ತಿದ್ದಳು. ದಿನಾ ಬೆಳಿಗ್ಗೆ ಅಕ್ಕನ ಫೋನಿಗೆ ಹೂವಿನ ಚಿತ್ರದ ಜೊತೆ ಮೆಸೇಜು ಬರುತ್ತಿತ್ತು.

ಇದೆಲ್ಲ ನನಗೆ ಗೊತ್ತಾದದ್ದು ತಡವಾಗಿ. ಒಂದು ಭಾನುವಾರ ಅಕ್ಕ ನಮ್ಮ ಮನೆಗೆ ಬಂದಳು. ಮೈ ಇಳಿದಿತ್ತು. ಹೊಸ ಚೂಡಿದಾರ ಹಾಕಿದ್ದಳು; ಅದಕ್ಕೆ ಮುಂಚೆ ಅವಳು ಸೀರೆ ಬಿಟ್ಟು ಬೇರೆ ಉಟ್ಟಿದ್ದನ್ನು ನಾನು ನೋಡಿರಲಿಲ್ಲ. ಬಾಗಿಲಲ್ಲೇ ಒಂದು ಸುತ್ತು ತಿರುಗಿ ತೋರಿಸಿದಳು.

"ಎಂಗೆ ಕಾಣ್ತೀನಿ?"

"ಚೆನ್ನಾಗ್ ಕಾಣ್ತೀಯ. ಏನ್ ಮಾಡ್ದೆ?"

ಅವಳು ಹೇಳುತ್ತಾ ಹೋದಳು. ಬೆಳಿಗ್ಗೆ ಪುಡಿ, ರಾತ್ರಿ ಪುಡಿ, ಮಧ್ಯಾಹ್ನ ಮಾತ್ರ ಊಟ. ನಡುವೆ ಒಂದು ಗಿಡಮೂಲಿಕೆಯ ಟೀ, ಬಣ್ಣಬಣ್ಣದ ಗುಳಿಗೆಗಳು. ಡಬ್ಬಿ ತೋರಿಸು ಎಂದೆ. ಚೀಲದಲ್ಲೇ ಇತ್ತು. ಹಿಂಬದಿಯ ಸಣ್ಣ ಅಕ್ಷರ ಓದಿದೆ. ಅವಳ ಕಿಡ್ನಿಗೆ ನಾನು ಯಾವುದನ್ನು ಕಡಿಮೆ ಮಾಡು ಎಂದಿದ್ದೆನೋ ಅದೇ ಪ್ರೋಟೀನು ಅದರಲ್ಲಿ ತುಂಬಿತ್ತು. ಗುಳಿಗೆಯಲ್ಲಿ ಏನಿದೆ ಎಂದು ಬರೆದದ್ದು ನನಗೇ ಅರ್ಥವಾಗಲಿಲ್ಲ.

"ಅಕ್ಕ, ಇದು ನಿಂಗೆ ಆಗಲ್ಲ ಕಣೆ. ಬೇರೆಯೋರಿಗೆ ಏನಾದ್ರೂ ಆಗ್ಲಿ, ನಿಂಗೆ ಬೇಡ. ಮಾತ್ರೆ ತಗೊತಿದೀಯ ತಾನೆ?"

ಅವಳು ದುಪಟ್ಟಾ ಸರಿಮಾಡಿಕೊಂಡಳು. ನಾನು ಮತ್ತೆ ಕೇಳಿದೆ.

"ಬುಟ್ಟ್ಬುಟ್ಟೆ" ಎಂದಳು. "ಅಷ್ಟ್ ವರ್ಷ ನುಂಗ್ದೆ, ಏನಾಯ್ತು? ಈಗ ನೋಡು ಎಂಗಿದೀನಿ. ಶುಗರ್ರೂ ಇಳಿದೈತೆ."

ಊಟವನ್ನೇ ಬಿಟ್ಟರೆ ಶುಗರ್ ಇಳಿಯದೆ ಏನು ಮಾಡುತ್ತದೆ? ಬೀಪಿಯ ಮಾತ್ರೆ ಬೀಪಿಗಷ್ಟೇ ಅಲ್ಲ, ಕಿಡ್ನಿಯನ್ನೂ ಕಾಯುತ್ತಿತ್ತು. ಅದನ್ನು ಹೇಳಿದೆ. ಕೂತು ಹೇಳಿದೆ, ನಿಂತು ಹೇಳಿದೆ, ಕೈ ಹಿಡಿದು ಹೇಳಿದೆ. ನನ್ನ ಗಂಡ ಒಳಗಿನಿಂದ ಎದ್ದು ಬಂದು ಯಾಕೆ ಕೂಗಾಡುತ್ತಿದ್ದೀಯ ಎಂದು ಕೇಳುವಷ್ಟು ಜೋರಾಗಿ ಹೇಳಿದೆ. ಅಕ್ಕ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡಳು.

"ನಾನು ಸಣ್ಣ ಆಗಿದ್ದು ನಿಂಗ್ ಸಂತೋಷ ಇಲ್ಲ ಬುಡು" ಎಂದಳು.

ಅಷ್ಟಕ್ಕೇ ಬಿಡಲಿಲ್ಲ ನಾನು. ಮುಂದಿನ ವಾರ ರಜೆ ಹಾಕಿ ಬೆಳಿಗ್ಗೆಯೇ ಕೆಸರೆಗೆ ಹೋಗಿ ಅಕ್ಕನ ಜೊತೆ ಕ್ಲಬ್ಬಿನ ಮೆಟ್ಟಿಲು ಹತ್ತಿದೆ. ಹಾಲ್ ತುಂಬ ನಮ್ಮಂಥ ಹೆಂಗಸರೇ. ಮನೆ ಕೆಲಸ ಮುಗಿಸಿ ಬಂದವರು, ಗಾರ್ಮೆಂಟಿಗೆ ಹೋಗುವ ಮುಂಚೆ ಬಂದವರು. ಕೋಚ್ ಮೇಡಂ ನನ್ನನ್ನು ಬಹಳ ಗೌರವದಿಂದ ಮುಂದಿನ ಕುರ್ಚಿಯಲ್ಲಿ ಕೂರಿಸಿದಳು. ನಾನು ಮೆಲ್ಲಗೆ, ಆಕೆಗೆ ಮಾತ್ರ ಕೇಳುವ ಹಾಗೆ, ಅಕ್ಕನ ಕಿಡ್ನಿಯ ವಿಷಯ ಹೇಳಿದೆ. ಇವಳಿಗೆ ಈ ಪುಡಿ ಕೊಡಬೇಡಿ, ಮಾತ್ರೆ ನಿಲ್ಲಿಸಲು ಹೇಳಬೇಡಿ ಎಂದೆ. ಆಕೆ ಕೈ ಮುಗಿದು ಕೇಳಿಸಿಕೊಂಡಳು. ಆಮೇಲೆ ಎದ್ದು ನಿಂತು ಇಡೀ ಹಾಲ್‌ಗೆ ಕೇಳುವ ಹಾಗೆ ಹೇಳಿದಳು.

"ಇವ್ರು ನಮ್ಮಕ್ಕನ ತಂಗಿ, ದೊಡ್ಡ ಆಸ್ಪತ್ರೆಯ ಡಯಟಿಶಿಯನ್ನು. ನಮ್ಮ ಕ್ಲಬ್ ನೋಡೋಕೆ ಅಂತ್ಲೇ ಬಂದಿದಾರೆ. ಆಸ್ಪತ್ರೆಯೋರು ಕಾಯಿಲೆ ನೋಡ್ತಾರೆ, ನಾವು ಆರೋಗ್ಯ ನೋಡ್ತೀವಿ. ಇಬ್ರೂ ಬೇಕು ಅಲ್ವೇನ್ರಮ್ಮ? ಒಂದ್ ಜೋರು ಚಪ್ಪಾಳೆ!"

ಎಲ್ಲರೂ ಚಪ್ಪಾಳೆ ಹೊಡೆದರು. ಅಕ್ಕನೂ ಹೊಡೆದಳು. ಆ ಹೆಂಗಸರ ನಡುವೆ ಅವಳ ಮುಖ ಎಷ್ಟು ಅರಳಿತ್ತೆಂದರೆ, ಹಬ್ಬದಲ್ಲೂ ಅವಳನ್ನು ಹಾಗೆ ನಾನು ಕಂಡಿರಲಿಲ್ಲ. ನಾನು ಅಲ್ಲಿ ಕೂತದ್ದೇ ಆ ಪುಡಿಗೆ ಒಂದು ಸರ್ಟಿಫಿಕೇಟು ಕೊಟ್ಟ ಹಾಗಾಯಿತು. ಎದ್ದು ಇಳಿದು ಬಂದೆ. ಪಕ್ಕದ ರಸ್ತೆಯ ತಮ್ಮ ಅಂಗಡಿಯಲ್ಲಿ ಭಾವ ಗೇಟಿನ ಸರಳು ಕೊಯ್ಯುತ್ತಿದ್ದರು. ಅವರಿಗೂ ಹೇಳಿದೆ.

"ನೀವಾದ್ರೂ ಹೇಳಿ ಭಾವ."

"ಅವ್ಳು ಖುಷಿಯಾಗವ್ಳೆ ಕಣಮ್ಮ" ಎಂದರು ಭಾವ. "ಮೊದ್ಲೆಲ್ಲ ಮೂಲೇಲಿ ಕೂತಿರೋಳು. ಈಗ ಹಾಡ್ಕೊಂಡು ಓಡಾಡ್ತಾಳೆ. ನಿಮ್ದು ಪುಸ್ತಕದ ಮಾತು, ಇದು ಕಣ್ಣಿಗ್ ಕಾಣೋದು. ಏನ್ ಹೇಳ್ಲಿ ನಾನು?"

ಅದಾದ ಮೇಲೆ ಅಕ್ಕ ನನಗೆ ಫೋನು ಮಾಡುವುದು ನಿಲ್ಲಿಸಿದಳು. ನಾನು ಮಾಡಿದರೆ ಮಗಳು ಎತ್ತಿ, ಅಮ್ಮ ಕ್ಲಬ್ಬಿಗೆ ಹೋಗವ್ರೆ ಎನ್ನುತ್ತಿದ್ದಳು. ಯುಗಾದಿಗೆ ಊರಿನಲ್ಲಿ ಎದುರಾದಾಗ ಅವ್ವನ ಮುಂದೆ ಚೆನ್ನಾಗಿಯೇ ಮಾತಾಡಿದಳು. ಹೋಳಿಗೆ ಬಡಿಸುವಾಗ ಮಾತ್ರ, "ನನ್ನ ತಂಗಿನ ಕೇಳ್ಕೊಂಡು ಹಾಕವ್ವ, ನಂಗೆ ಎಷ್ಟು ಹಾಕ್ಬೋದು ಅಂತ" ಎಂದಳು. ಎಲ್ಲರೂ ನಕ್ಕರು. ದಿನವಿಡೀ ವಾರ್ಡಿನಲ್ಲಿ ಗುರುತಿಲ್ಲದ ಜನರಿಗೆ ಕೂತು ಹೇಳುವವಳು ನಾನು. ಅವರಲ್ಲಿ ಅರ್ಧ ಜನ ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ನನ್ನ ಓದು ಎಲೆಯ ಮುಂದೆ ನಗಲು ಒಂದು ನೆಪ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಭಾವನ ಫೋನು ಬಂತು. "ಅವ್ಳು ವಾಂತಿ ಮಾಡ್ತಾನೇ ಅವ್ಳೆ. ಮುಖ ಕಾಲು ಎಲ್ಲ ಊದ್ಕೊಂಡದೆ. ಉಸಿರಾಡಕ್ಕಾಗ್ತಿಲ್ಲ ಅಂತಾಳೆ. ಎಲ್ಲಿಗ್ ಕರ್ಕೊಂಡ್ ಬರ್ಲಿ?" ಪಾದ ಊದಿ ಚಪ್ಪಲಿ ಹಿಡಿಯದೆ ಎಷ್ಟೋ ದಿನ ಆಗಿತ್ತಂತೆ. ಕ್ಲಬ್ಬಿನಲ್ಲಿ ಕೇಳಿದ್ದಕ್ಕೆ, ಮೈಯಲ್ಲಿರುವ ಕೆಟ್ಟದ್ದು ಹೊರಗೆ ಬರುತ್ತಿದೆ, ಹೆದರಬೇಡಿ ಎಂದರಂತೆ. ಗಿಡಮೂಲಿಕೆಯ ಟೀ ಹೆಚ್ಚು ಕುಡಿಯಲು ಹೇಳಿದರಂತೆ.

ನಮ್ಮ ಆಸ್ಪತ್ರೆಗೇ ಬಂದಳು. ಅಂದು ಸಂಜೆಯೇ ಕತ್ತಿಗೆ ನಳಿಗೆ ಹಾಕಿ ಡಯಾಲಿಸಿಸ್ ಮಾಡಬೇಕಾಯಿತು. ಕಿಡ್ನಿ ಡಾಕ್ಟರು ವಯಸ್ಸಾದವರು, ಬಹಳ ವರ್ಷಗಳಿಂದ ನನ್ನ ಜೊತೆ ಕೆಲಸ ಮಾಡಿದವರು. ವರಾಂಡದ ಕೊನೆಗೆ ನನ್ನನ್ನು ಕರೆದುಕೊಂಡು ಹೋದರು.

"ಒಂದು ದಿನ ಇದು ಬರೋದಿತ್ತು, ನಿಮಗೂ ಗೊತ್ತು. ಆದರೆ ಇಷ್ಟು ಬೇಗ ಬರಬೇಕಾಗಿರಲಿಲ್ಲ. ಮಾತ್ರೆ ಬಿಟ್ಟದ್ದರಿಂದ ಎಷ್ಟು, ಆ ಗುಳಿಗೆಯಿಂದ ಎಷ್ಟು ಅಂತ ಕೇಳಬೇಡಿ. ನನಗೆ ಹೇಳೋಕೆ ಆಗಲ್ಲ" ಎಂದರು. ಆಮೇಲೆ, "ನಿಮ್ಮ ಸ್ವಂತ ಅಕ್ಕ ಅಲ್ವೇ?" ಎಂದು ಕೇಳಿದರು. ಅದು ಪ್ರಶ್ನೆಯಾಗಿತ್ತೋ ಆಕ್ಷೇಪವೋ ನನಗೆ ಇಂದಿಗೂ ಗೊತ್ತಿಲ್ಲ. ಹೌದು ಸಾರ್ ಎಂದೆ.

ಉಸಿರು ಸುಲಭವಾಗಿ, ಊತ ಇಳಿದ ಮೇಲೆ ಅಕ್ಕ ಮಾತಾಡಿದಳು. ನಾನು ಕೋಟು ಹಾಕಿಕೊಂಡೇ ಅವಳ ಮಂಚದ ಪಕ್ಕ ನಿಂತಿದ್ದೆ. ಅವಳು ನನ್ನ ಕಡೆ ಮುಖ ಮಾಡಿದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ನೀನು ಆಗ್ಲೇ ಗಟ್ಟಿಯಾಗ್ ಹೇಳ್ಬೇಕಿತ್ತು" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನೆಷ್ಟು ಗಟ್ಟಿಯಾಗಿ ಹೇಳಬೇಕಿತ್ತು? ಪಕ್ಕದ ಮಂಚದ ರೋಗಿ ನೋಡುತ್ತಿದ್ದಳು, ನರ್ಸು ನೋಡುತ್ತಿದ್ದಳು. "ಆಯ್ತು ಮಲಕ್ಕೊ" ಎಂದು ಹೊದಿಕೆ ಎಳೆದು ಹೊರಗೆ ಬಂದೆ. ಅಂದಿನಿಂದ ಆ ಮಾತು ಮನೆಯಲ್ಲಿ ನಿಂತುಬಿಟ್ಟಿತು. ನೋಡಲು ಬಂದ ನೆಂಟರೆಲ್ಲ ಅದನ್ನೇ ಹಿಡಿದರು. ಮನೆಯಲ್ಲೇ ಇಂಥವಳೊಬ್ಬಳು ಇದ್ದೂ ಹೀಗಾಯಿತಲ್ಲ ಎಂದರು. ಕ್ಲಬ್ಬಿನ ಬಗ್ಗೆ ಒಬ್ಬರೂ ಮಾತೆತ್ತಲಿಲ್ಲ. ಬೇರೆ ಯಾರದೋ ತಪ್ಪಿಗಿಂತ ಮನೆಯವಳ ತಪ್ಪು ಕೈಗೆ ಬೇಗ ಸಿಗುತ್ತದೆ.

ಅಕ್ಕನ ಡಯಾಲಿಸಿಸ್ ಶುರುವಾಯಿತು. ವಾರದಲ್ಲಿ ಮೂರು ದಿನ ಭಾವ ಅವಳನ್ನು ಕರೆತರುವುದು, ಅರ್ಧ ದಿನ ಯಂತ್ರದ ಪಕ್ಕ ಮಲಗುವುದು. ಅವಳ ಊಟ ಈಗ ನನ್ನ ಕೈಗೆ ಬಂತು, ಅವಳಿಗೆ ಇಷ್ಟವಿರಲಿ ಬಿಡಲಿ. ಡಯಾಲಿಸಿಸ್ ಮಾಡಿಸುವವರಿಗೆ ಪೊಟ್ಯಾಸಿಯಂ ಎಂಬುದೇ ದೊಡ್ಡ ಶತ್ರು. ಒಳ್ಳೆಯದೆಂದು ನಾವು ತಿನ್ನುವುದರಲ್ಲೆಲ್ಲ ಅದು ಇರುತ್ತದೆ. ಸೊಪ್ಪು, ಹಣ್ಣು, ಎಳನೀರು, ಕಾಳು, ರಾಗಿ. ಸೋತ ಕಿಡ್ನಿ ಅದನ್ನು ಹೊರಗೆ ಹಾಕುವುದಿಲ್ಲ. ಹೆಚ್ಚಾದರೆ ಹೃದಯ ನಿಂತುಹೋಗುತ್ತದೆ. ಹಾಗಾಗಿ ತರಕಾರಿ ಸೊಪ್ಪನ್ನು ಬೇಯಿಸಿ ಆ ನೀರನ್ನು ಬಸಿದು ಚೆಲ್ಲಬೇಕು. ಇದನ್ನು ನಾನು ಹೇಳಿದ ದಿನ ಅವ್ವ ಕೆಸರೆಯಲ್ಲಿಯೇ ಇದ್ದಳು.

"ಚೆಲ್ಲೋದಾ?" ಎಂದಳು ಅವ್ವ. ಅವಳ ಧ್ವನಿಯಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚಿತ್ತು. "ಬಸ್ದಿದ್ ನೀರ್ನಲ್ಲಿ ತಾನೆ ಬಸ್ಸಾರು ಮಾಡೋದು? ಸತ್ವ ಎಲ್ಲ ಅದ್ರಲ್ಲೇ ಇರೋದು, ಅದ್ನ ಮೋರಿಗೆ ಸುರ್ದು ಪಿಪ್ಪೆ ತಿನ್ನು ಅಂತೀಯಾ?"

ಅವ್ವ ಹೇಳಿದ್ದು ಸರಿಯೇ. ಸತ್ವವೆಲ್ಲ ಅದರಲ್ಲೇ ಇತ್ತು. ಆ ಸತ್ವವೇ ಈಗ ಅಕ್ಕನಿಗೆ ವಿಷ ಎಂದು ಹೇಗೆ ಹೇಳುವುದು? ಹೇಳಿದೆ. ಅವ್ವ ಸೆರಗು ಕೊಡವಿ ಎದ್ದು ಹೋದಳು.

ಇನ್ನೊಂದು ಪೇಚು ಮೊಟ್ಟೆಯದು. ಡಯಾಲಿಸಿಸ್‌ನಲ್ಲಿ ರಕ್ತದ ಪ್ರೋಟೀನು ಸೋರಿಹೋಗುತ್ತದೆ, ಹಾಗಾಗಿ ಅದು ಶುರುವಾದ ಮೇಲೆ ಪ್ರೋಟೀನು ಹೆಚ್ಚು ತಿನ್ನಬೇಕು. ಮೊಟ್ಟೆಯ ಬಿಳಿಯನ್ನು ದಿನಾ ತಿನ್ನು ಎಂದೆ. ಅಕ್ಕ ಯಂತ್ರದ ಪಕ್ಕ ಮಲಗಿದ್ದವಳು ತಲೆ ತಿರುಗಿಸಿ ಪಕ್ಕದ ಮಂಚದವಳಿಗೆ ಹೇಳಿದಳು.

"ನೋಡ್ರೀ, ಇವ್ಳೇ ನಂಗೆ ಆಗ ಪ್ರೋಟೀನ್ ಬೇಡ ಅಂದೋಳು. ಅದಕ್ಕೇ ಪುಡಿ ಬುಡು ಅಂತಿದ್ಳು. ಈಗ ತಿನ್ನು ಅಂತಾಳೆ. ಇವ್ರಿಗೇ ಸರಿಯಾಗ್ ಗೊತ್ತಿಲ್ಲ ಕಣ್ರೀ."

ಕಾಯಿಲೆಯ ಒಂದು ಹಂತಕ್ಕೆ ಒಂದು ಊಟ, ಇನ್ನೊಂದು ಹಂತಕ್ಕೆ ಇನ್ನೊಂದು ಎಂದು ನಾನು ವಿವರಿಸಿದೆ. ನನ್ನ ವಿದ್ಯೆಯೆಲ್ಲ ಇರುವುದು ಅಷ್ಟರಲ್ಲೇ. ಪಕ್ಕದವಳು ಅಕ್ಕನ ಕಡೆಗೇ ತಲೆಯಾಡಿಸಿದಳು.

ಕೋಚ್ ಮೇಡಂ ಒಂದು ಸಲ ನೋಡಲು ಬಂದಳು. ಕಣ್ಣು ತುಂಬಿಕೊಂಡೇ ಬಂದಳು. ನಾಟಕ ಎಂದು ನನಗೆ ಅನ್ನಿಸಲಿಲ್ಲ. ಅಕ್ಕನ ಹಣೆ ಸವರಿ, "ಬೇಗ ಹುಷಾರಾಗಿ ಅಕ್ಕಾ, ಎಲ್ರೂ ನಿಮ್ಮನ್ನ ಕೇಳ್ತಾರೆ" ಎಂದಳು. ಜೊತೆಗೆ ಒಂದು ದೊಡ್ಡ ಹಣ್ಣಿನ ಬುಟ್ಟಿ ತಂದಿದ್ದಳು. ಕಿತ್ತಳೆ, ಬಾಳೆ, ಸಪೋಟ. ಅಕ್ಕನ ಜೀವಕ್ಕೆ ಎರವಾಗುವಂಥದ್ದೆಲ್ಲ ಅದರಲ್ಲಿತ್ತು. ಆಕೆ ಹೋದ ಮೇಲೆ ನಾನು ಬುಟ್ಟಿಯನ್ನು ಎತ್ತಿ ನರ್ಸುಗಳಿಗೆ ಕೊಟ್ಟೆ. ಅಕ್ಕ ನೋಡುತ್ತಿದ್ದಳು.

"ಪ್ರೀತಿಯಿಂದ ತಂದ್ಕೊಟ್ಟಿದ್ನೂ ಬುಡಲ್ವಲ್ಲೇ ನೀನು" ಎಂದಳು.

ಕಿಡ್ನಿ ಕೊಡುವ ಮಾತು ಬಂತು. ನಾನೇ ಮುಂದಾಗಿ ಪರೀಕ್ಷೆ ಮಾಡಿಸಿಕೊಂಡೆ. ರಕ್ತದ ಗುಂಪು ಹೊಂದಿತು, ಮಿಕ್ಕದ್ದೂ ಹೊಂದಿತು. ಕೊನೆಗೆ ನನಗೂ ಶುಗರ್ ಶುರುವಾಗಿದೆ ಎಂದು ಅದೇ ಪರೀಕ್ಷೆಯಲ್ಲಿ ಗೊತ್ತಾಯಿತು. ನಮ್ಮ ಅಪ್ಪನಿಗಿತ್ತು, ಅಜ್ಜಿಗಿತ್ತು, ರಕ್ತದಲ್ಲಿ ಬಂದದ್ದು. ಡಾಕ್ಟರು ಬೇಡ ಎಂದರು. ಈ ಸುದ್ದಿ ಊರಿಗೆ ಹೋದಾಗ ನಮ್ಮ ಚಿಕ್ಕಪ್ಪ, "ಊಟ ಹೇಳೋಳಿಗೇ ಶುಗರ್ರಾ?" ಎಂದರಂತೆ. ಅದನ್ನು ನನಗೆ ಮುಟ್ಟಿಸಲು ಯಾರೂ ಮರೆಯಲಿಲ್ಲ. ಅವ್ವನಿಗೆ ವಯಸ್ಸಾಗಿತ್ತು, ಭಾವನ ಗುಂಪು ಹೊಂದಲಿಲ್ಲ. ಮಗಳು ಕೊಡುತ್ತೇನೆ ಎಂದಳು. ಅದಕ್ಕೆ ಮಾತ್ರ ಅಕ್ಕ ಒಪ್ಪಲಿಲ್ಲ. "ಅದ್ರ ಬದ್ಲು ನಾನ್ ಸಾಯ್ತೀನಿ" ಎಂದಳು. ಆ ದಿನ ಮಾತ್ರ ಅವಳು ನಾನು ಬಲ್ಲ ನನ್ನ ಅಕ್ಕನೇ ಆಗಿದ್ದಳು.

ಹಾಗೆ ಎರಡು ವರ್ಷಕ್ಕೂ ಹೆಚ್ಚು ಬದುಕಿದಳು. ನಮ್ಮ ನಡುವೆ ಇದ್ದದ್ದು ಊಟದ ಜಗಳ ಒಂದೇ. ಏನು ತಿಂದೆ, ಎಷ್ಟು ನೀರು ಕುಡಿದೆ, ಯಾಕೆ ಕುಡಿದೆ. ಬೇಸಿಗೆಯಲ್ಲಿ ಅವಳ ತುಟಿ ಬಿರಿದು ರಕ್ತ ಒಸರುತ್ತಿತ್ತು. ನೀರು ಲೋಟದ ಲೆಕ್ಕದಲ್ಲಿ. ಐಸಿನ ಚೂರು ಬಾಯಿಗಿಟ್ಟುಕೋ ಎಂದು ನಾನು ಹೇಳುತ್ತಿದ್ದೆ. ಅವಳು ಅದನ್ನು ಚೀಪುತ್ತಾ ನನ್ನ ಕಡೆ ನೋಡುತ್ತಿದ್ದ ನೋಟವನ್ನು ಏನೆಂದು ಬರೆಯಲಿ? ಒಂದು ಸಲವೂ ನಾವು ಹಳೆಯ ದಿನಗಳ ಮಾತಾಡಲಿಲ್ಲ. ಅವಳ ಮನೆಯಲ್ಲಿ ನಾನು ಓದಿದ್ದು, ಅವಳು ಕಟ್ಟಿಕೊಟ್ಟ ಡಬ್ಬಿಗಳು, ಯಾವುದೂ ಮಾತಿಗೆ ಬರಲಿಲ್ಲ. ರೋಗಿ, ಪಥ್ಯ ಹೇಳುವವಳು, ಅಷ್ಟೇ.

ಕೊನೆಯ ಬೇಸಿಗೆಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಅಕ್ಕ ಒಂದು ದಿನದ ಡಯಾಲಿಸಿಸ್ ತಪ್ಪಿಸಿದಳು. ನಾಳೆ ಹೋದರಾಯಿತು ಎಂದಳಂತೆ. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದವಳು ಹಾಗೆಯೇ ಕುಸಿದಳು. ಭಾವ ಆಸ್ಪತ್ರೆಗೆ ತರುವಷ್ಟರಲ್ಲಿ ಜೀವ ಹೋಗಿತ್ತು. ಪೊಟ್ಯಾಸಿಯಂ ಏರಿರಬೇಕು ಎಂದರು ಡಾಕ್ಟರು.

ಶವಾಗಾರದ ಹೊರಗಿನ ಕಲ್ಲು ಬೆಂಚಿನ ಮೇಲೆ ಭಾವ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ಅವರು ನೆಲ ನೋಡುತ್ತಲೇ ಹೇಳಿದರು.

"ನಿನ್ನೆ ಬಿಸ್ಲಲ್ಲಿ ಬಾಯಿ ಒಣಗ್ತದೆ ಅಂತ ಅತ್ತುಬುಟ್ಳು ಕಣಮ್ಮ. ನೋಡಕ್ಕಾಗ್ಲಿಲ್ಲ. ದಾರೀಲಿ ಎಳ್ನೀರು ಕೊಡುಸ್ದೆ. ಎಳ್ನೀರು ತಾನೆ, ತಂಪು ಅಂತ. ಎಷ್ಟ್ ಆಸೆಪಟ್ಟು ಕುಡುದ್ಳು ಗೊತ್ತಾ? ಇನ್ನೊಂದು ಕೊಡ್ಸಿ ಅಂದ್ಳು. ಕೊಡುಸ್ದೆ. ಅದ್ರಿಂದ ಏನೂ ಆಗಿಲ್ಲ ಅಲ್ವಾ?"

ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಎಳನೀರು ಬೇಡ, ವಿಷಕ್ಕೆ ಸಮ ಎಂದು ಅವರ ಮುಂದೆಯೇ ಎಷ್ಟು ಸಲ ಹೇಳಿದ್ದೆ. ಅವರು ಕೇಳಿಸಿಕೊಂಡಿರಲಿಲ್ಲ; ನಾನು ಹೇಳುವುದನ್ನು ಆ ಮನೆಯಲ್ಲಿ ಯಾರೂ ಕೇಳಿಸಿಕೊಂಡಿರಲಿಲ್ಲ. ಎರಡು ವರ್ಷ ಒಳಗೇ ಇಟ್ಟುಕೊಂಡಿದ್ದೆಲ್ಲ ಗಂಟಲ ತುದಿಗೆ ಬಂತು.

"ಇಲ್ಲ ಭಾವ, ಅದ್ರಿಂದ ಏನೂ ಆಗಿಲ್ಲ" ಎಂದೆ.

ಅವರು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಓದಿದ ವಿದ್ಯೆಗೆ ವಿರುದ್ಧವಾಗಿ ನಾನು ಆಡಿದ ಮಾತು ಅದೊಂದೇ. ಆ ಮನೆಯಲ್ಲಿ ನಂಬಿದ್ದೂ ಅದೊಂದನ್ನೇ.

ತಿಥಿಯ ದಿನ ಅವಳ ಫೋಟೋದ ಮುಂದೆ ಎಡೆ ಇಟ್ಟರು. ಅವಳಿಗೆ ಇಷ್ಟವಾದದ್ದನ್ನೆಲ್ಲ ಮಾಡಬೇಕೆಂದು ಅವ್ವ ಹಟ ಹಿಡಿದಿದ್ದಳು. ಮುದ್ದೆ, ಬಸ್ಸಾರು, ಕೋಳಿ, ವಡೆ, ಉಪ್ಪಿನಕಾಯಿ, ಬಾಳೆಹಣ್ಣು, ಕೆತ್ತಿದ ಎಳನೀರು. ನಾನು ಬೇಡವೆಂದದ್ದು ಒಂದೂ ಬಿಟ್ಟಿರಲಿಲ್ಲ. ಬಡಿಸುತ್ತಿದ್ದ ಅತ್ತೆಯೊಬ್ಬರು, "ಈಗ್ಲಾದ್ರೂ ಹೊಟ್ಟೆ ತುಂಬ ತಿನ್ಲಿ, ಪಾಪ" ಎಂದರು. ನನ್ನ ಕಡೆ ನೋಡಿ ಹೇಳಲಿಲ್ಲ, ಆದರೆ ನನಗೆ ಕೇಳುವ ಹಾಗೆ ಹೇಳಿದರು.

ಊಟದ ಪಂಕ್ತಿಗೆ ಕೋಚ್ ಮೇಡಂ ಕೂಡ ಬಂದಿದ್ದಳು, ಕ್ಲಬ್ಬಿನ ಹೆಂಗಸರ ಜೊತೆ. ಕೈ ತೊಳೆಯುವ ಕಡೆ ನನಗೆ ಎದುರಾದಳು. ಅಷ್ಟು ದಿನ ಮನಸ್ಸಿನಲ್ಲಿ ಆಡಿ ಆಡಿ ಇಟ್ಟುಕೊಂಡಿದ್ದ ಮಾತನ್ನು ಆಡಿಯೇಬಿಟ್ಟೆ.

"ನಮ್ಮಕ್ಕನಿಗೆ ಮಾತ್ರೆ ಬಿಡ್ಸಿದ್ದು ನೀವು."

ಆಕೆ ಗಾಬರಿಯಾಗಲಿಲ್ಲ. "ಅಯ್ಯೋ ಮೇಡಂ, ನಾನು ಯಾರ್ಗೂ ಮಾತ್ರೆ ಬಿಡಿ ಅನ್ನಲ್ಲ. ಬೇಕಾದ್ರೆ ಬಿಡ್ಬೋದು ಅಂತೀವಿ, ಅಷ್ಟೇ. ಅಕ್ಕನೇ ಬಿಟ್ರು. ನಂಗೂ ಹೊಟ್ಟೆ ಉರಿಯುತ್ತೆ" ಎಂದಳು. ಕೈ ಒರೆಸಿಕೊಂಡು ನನ್ನ ಹತ್ತಿರ ಬಂದಳು. "ಅದಕ್ಕೇ ಹೇಳ್ತೀನಿ, ನೀವು ನಮ್ಜೊತೆ ಬನ್ನಿ. ನಿಮ್ಮಂಥ ಓದ್ದೋರು ಒಬ್ರು ಬೇಕು ನಮ್ಗೆ. ವಾರಕ್ಕೊಂದಿನ ಬಂದು ಕೂತ್ರೆ ಸಾಕು. ಯಾರಿಗ್ ಕೊಡ್ಬೋದು, ಯಾರಿಗ್ ಕೊಡ್ಬಾರ್ದು ಅಂತ ನೀವೇ ಹೇಳಿ. ಬೋರ್ಡಿಗೆ ನಿಮ್ಮ ಹೆಸರು ಹಾಕ್ಸ್ತೀನಿ."

ಆಕೆ ನಿಜವಾಗಿಯೇ ಹೇಳುತ್ತಿದ್ದಳು. ನನ್ನ ನೋವಿಗೆ ಒಂದು ಪರಿಹಾರ ಕೊಡುತ್ತಿದ್ದೇನೆ ಎಂದು ಆಕೆಗೆ ಅನ್ನಿಸಿತ್ತು. ಬಾಯಿಗೆ ಬಂದದ್ದು ಬೈದೆ. ಪಂಕ್ತಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಭಾವ ಓಡಿ ಬಂದು, "ಇವತ್ತೊಂದಿನ ಬುಡಮ್ಮ" ಎಂದು ನನ್ನನ್ನೇ ಒಳಗೆ ಕರೆದುಕೊಂಡು ಹೋದರು. ತಿಥಿಯ ಮನೆಯಲ್ಲಿ ಗಲಾಟೆ ಮಾಡಿದವಳು ನಾನು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಸುಮ್ಮನೆ ನಡೆದು ಹೋದವಳು ಅವಳು.

ಆಮೇಲೆ ನಾನು ದೂರು ಬರೆದೆ. ಸಂಬಂಧಪಟ್ಟ ಕಚೇರಿಯ ಅಧಿಕಾರಿ ಒಳ್ಳೆಯವರು, ಕೂರಿಸಿ ಕೇಳಿದರು. ಅದನ್ನು ಔಷಧಿ ಅಂತ ಮಾರುತ್ತಿಲ್ಲ ಮೇಡಂ, ಆಹಾರ ಅಂತ ಮಾರುತ್ತಿದ್ದಾರೆ, ಮಾತ್ರೆ ಬಿಡಿ ಅಂದದ್ದಕ್ಕೆ ಸಾಕ್ಷಿ ಯಾರು ಎಂದರು. ಸಾಕ್ಷಿ ಹೇಳಬೇಕಾದವಳು ಇರಲಿಲ್ಲ. ಕ್ಲಬ್ಬಿನ ಹೆಂಗಸರ ಪೈಕಿ ಇಬ್ಬರನ್ನು ಕೇಳಿ ನೋಡಿದೆ. ಒಬ್ಬಳು ಬಾಗಿಲು ಹಾಕಿಕೊಂಡಳು. ಇನ್ನೊಬ್ಬಳು, ನನಗಂತೂ ಮಂಡಿ ನೋವು ಹೋಯಿತಲ್ಲ ಎಂದಳು. ಕ್ಲಬ್ಬು ಈಗ ಅದೇ ರಸ್ತೆಯಲ್ಲಿ ಇನ್ನೂ ದೊಡ್ಡ ಹಾಲ್‌ಗೆ ಬಂದಿದೆ.

ನಾನು ಇನ್ನೂ ಅದೇ ಆಸ್ಪತ್ರೆಯಲ್ಲಿದ್ದೇನೆ. ಹೋದ ತಿಂಗಳು ಹೊರರೋಗಿಗಳ ಸಾಲಿನಲ್ಲಿ ಭಾವ ಚೀಟಿ ಹಿಡಿದು ಕೂತಿದ್ದರು. ಅವರಿಗೂ ಶುಗರ್ ಬಂದಿದೆ. ಸರದಿ ಬಂದಾಗ ಒಳಗೆ ಬಂದು, ಬೇರೆ ರೋಗಿಗಳ ಹಾಗೆ ಕುರ್ಚಿಯ ತುದಿಯಲ್ಲಿ ಕೂತರು.

"ಹೇಳಮ್ಮ. ನೀನು ಏನ್ ಹೇಳ್ತೀಯೋ ಅದ್ನೇ ತಿಂತೀನಿ. ಒಂದ್ ಅಕ್ಷರ ಮೀರಲ್ಲ."

ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಬಂದದ್ದು ಸಿಟ್ಟು. ಈ ಒಂದು ಮಾತನ್ನು ಆ ಬೆಳಿಗ್ಗೆ ಅಂಗಡಿಯಲ್ಲಿ ಸರಳು ಕೊಯ್ಯುವುದನ್ನು ಬಿಟ್ಟು, ಕ್ಲಬ್ಬಿನ ಮೆಟ್ಟಿಲು ಹತ್ತಿ ಆಡಿದ್ದರೆ! ಅವರು ಚೀಟಿಯನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು. ಹೊರಗೆ ಸಾಲು ಬೆಳೆಯುತ್ತಿತ್ತು. ಬೆಳಿಗ್ಗೆ ಎದ್ದ ಮೇಲೆ ಏನು ತಿನ್ನುತ್ತೀರಿ ಎಂದು, ಎಲ್ಲರನ್ನೂ ಕೇಳುವ ಹಾಗೆ, ಅವರನ್ನೂ ಕೇಳಲು ಶುರುಮಾಡಿದೆ.